ಪೊಟ್ಟಣದ ಕಾಗದ

ನಮ್ಮ ಮೇಷ್ಟ್ರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಆಗುತ್ತಿರಲಿಲ್ಲ. "ಹೆಸರು ಹಾಕಿದ್ರೆ ಜನ ಹೆಸರು ಓದಿ ಎದ್ದು ಹೋಗ್ತಾರೆ, ಕೆಳಗಿಂದು ಯಾರು ಓದ್ತಾರೆ?" ಎನ್ನುತ್ತಿದ್ದರು. ಅವರು ತೀರಿಕೊಂಡು ಬಹಳ ಕಾಲವಾಯಿತು. ಮೊನ್ನೆ ಒಂದು ಸಭೆಯಲ್ಲಿ ಮಹನೀಯರೊಬ್ಬರು ಎದ್ದು ನಿಂತು, ಆಡುವ ಮಾತಿನಲ್ಲಿ ಕತೆ ಬರೆಯುವುದು ತಮ್ಮ ಕಾಲದವರು ಕಂಡುಹಿಡಿದ ಸಂಗತಿ ಎಂದು ಭಾಷಣ ಮಾಡಿದರು. ನನಗೆ ಮೈ ಉರಿದುಹೋಯಿತು. ಮನೆಗೆ ಬಂದವನೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಚಿತ್ರದುರ್ಗದ ಸ್ಕೂಲಿಗೆ ಅಸಿಸ್ಟೆಂಟಾಗಿ ಸೇರಿದಾಗ ಮೇಷ್ಟ್ರು ಅಲ್ಲಿ ಕನ್ನಡ ಹೇಳುತ್ತಿದ್ದರು. ಊರು ಮದಕರಿಪುರ, ಅಲ್ಲಿ ಅಷ್ಟಿಷ್ಟು ಜಮೀನು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ತೆಳ್ಳಗಿನ ಮಣ್ಣಿನ ಗೋಡೆ. ಅವರು ಕೆಮ್ಮಿದರೆ ನಮ್ಮ ಮನೆಯಲ್ಲಿ "ಬಿಸಿನೀರು ಕುಡೀರಿ" ಎನ್ನಬಹುದಾಗಿತ್ತು.

ಕುಳ್ಳಗಿನ ಆಳು, ದೊಡ್ಡ ರುಮಾಲು, ಬಲಗಿವಿಯ ಮೇಲೆ ಯಾವಾಗಲೂ ಒಂದು ಸೀಸದ ಕಡ್ಡಿ. ಅಕ್ಷರ ಕಂಡ ಕಡೆಯೆಲ್ಲ ಆ ಕಡ್ಡಿ ಕೆಳಗಿಳಿಯುತ್ತಿತ್ತು. ಮದುವೆಯ ಲಗ್ನಪತ್ರಿಕೆ ಕೊಡಲು ಬಂದವರನ್ನು ಕೂರಿಸಿ, ಅವರ ಎದುರಿಗೇ ತಿದ್ದುತ್ತಿದ್ದರು. ಒಮ್ಮೆ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿದ್ದ ಸರ್ಕಾರಿ ಪ್ರಕಟಣೆಯನ್ನೇ ತಿದ್ದಿ ಬಂದರು. ಅಮಲ್ದಾರರು ಕರೆಸಿ ಕೇಳಿದರಂತೆ. "ಸ್ವಾಮಿ, ಜನಕ್ಕೆ ಅರ್ಥ ಆಗ್ಲಿ ಅಂತ ಅಂಟ್ಸಿದೀರೋ, ಆಗ್ಬಾರ್ದು ಅಂತ ಅಂಟ್ಸಿದೀರೋ?" ಎಂದರಂತೆ ಇವರು. ಕೆಲಸ ಹೋಗದೆ ಉಳಿದದ್ದು ಅವರ ಪುಣ್ಯ. ಅಮಲ್ದಾರರಿಗೆ ನಗು ಬರುತ್ತಿತ್ತು ಎಂಬುದೂ ಒಂದು ಪುಣ್ಯವೇ.

ಮೇಷ್ಟ್ರು ಕತೆ ಬರೆಯುತ್ತಿದ್ದರು. ಆಗ ಬರೆಯುವುದೆಂದರೆ ಷಟ್ಪದಿ, ಇಲ್ಲದಿದ್ದರೆ ಸಂಸ್ಕೃತ ತುಂಬಿದ ಗದ್ಯ. ಇವರದು ಹಾಗಲ್ಲ. ಸಂತೆಹೊಂಡದ ಮೆಟ್ಟಿಲ ಮೇಲೆ ಹೆಂಗಸರು ಆಡುವ ಮಾತು, ಗಾಡಿ ಹೊಡೆಯುವವನು ಎತ್ತನ್ನು ಬೈಯುವ ಬೈಗುಳ, ಎಲ್ಲ ಹಾಗಾಗೇ ಪುಟದ ಮೇಲೆ. ರಾಜ ಇಲ್ಲ, ಋಷಿ ಇಲ್ಲ, ಕೊನೆಗೆ ನೀತಿಯೂ ಇಲ್ಲ. ಊರಿನ ಪಂಡಿತರೊಬ್ಬರು ಒಂದು ಕತೆ ಓದಿ, "ಇದನ್ನ ನಮ್ಮನೆ ಹೆಂಗಸ್ರು ಪುಕ್ಕಟೆ ಹೇಳ್ತಾರಲ್ಲ ಮೇಷ್ಟ್ರೇ" ಎಂದು ವಾಪಸು ಕೊಟ್ಟರು. ಮೇಷ್ಟ್ರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು. ಆದರೂ ಆ ವಾರ ಸ್ಕೂಲಿನಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಅವರಿಗೆ ಒಬ್ಬ ಓದುಗ ಇದ್ದ. ಒಬ್ಬನೇ. ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಸಾಹುಕಾರರು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಮಠದಲ್ಲಿ ಉಂಡು ಓದಿದವರು. ತಂದೆ ಹೋದಮೇಲೆ ಸಾಹುಕಾರರು ಓದು ಬಿಟ್ಟು ಅಂಗಡಿಯಲ್ಲಿ ಕೂತರು. ಆದರೆ ಬರೆಯುವುದನ್ನು ಬಿಡಲಿಲ್ಲ. ನಾಟಕ ಬರೆಯುತ್ತಿದ್ದರು, ಅದೂ ಹಾಡಿಲ್ಲದ ನಾಟಕ. ಹಾಡಿಲ್ಲದ ನಾಟಕವನ್ನು ಆಗ ಯಾರು ಕೇಳಬೇಕು? ಅವರಿಗೂ ಇದ್ದ ಓದುಗ ಒಬ್ಬನೇ, ನಮ್ಮ ಮೇಷ್ಟ್ರು. ಒಬ್ಬರು ನೋಡದೆ ಇನ್ನೊಬ್ಬರ ಬರಹ ಹೊರಗೆ ಹೋಗಕೂಡದು ಎಂದು ಇಬ್ಬರಲ್ಲೂ ಒಪ್ಪಂದವಾಗಿತ್ತು.

ಸಾಹುಕಾರರಿಂದ ಬರುತ್ತಿದ್ದ ಕಾಗದಗಳನ್ನು ಮೇಷ್ಟ್ರು ನನಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. "ಹೊಸದುರ್ಗ ಏನಂತೈತೆ ಕೇಳ್ರಿ" ಎಂದು ಶುರು. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು ಅವರ ರೂಢಿ. ಒಂದು ಕಾಗದ ನನಗೆ ಈಗಲೂ ಬಾಯಿಪಾಠ: "ಲೇ, ನಿನ್ನ ಕತೆಯಾಗೆ ಮುದುಕಿ ಸಾಯಕ್ಕೆ ಮೂರು ಪುಟ ತಗಂಡವ್ಳೆ. ನಮ್ಮೂರಾಗೆ ಅಷ್ಟೊತ್ತಿಗೆ ಮಣ್ಣು ಮಾಡಿ ಊಟಕ್ಕೆ ಕುಂತಿರ್ತಾರೆ." ಮೇಷ್ಟ್ರು ಮುಖ ಕೆಂಪಗೆ ಮಾಡಿಕೊಂಡು ಓದಿದರು. ಆಮೇಲೆ ಕಿವಿಯ ಮೇಲಿನ ಕಡ್ಡಿ ತೆಗೆದು ಮುದುಕಿಯನ್ನು ಅರ್ಧ ಪುಟದಲ್ಲಿ ಸಾಯಿಸಿದರು. "ಬಡ್ಡಿಮಗ, ಸರಿಯಾಗೇ ಹೇಳವ್ನೆ" ಎಂದರು. ಮೇಷ್ಟ್ರೇನು ಕಡಿಮೆಯೇ? "ನಿನ್ನ ಮಾತಿಗೆ ಕೊಬ್ಬರಿ ಎಣ್ಣೆ ಜಾಸ್ತಿ ಆಗೈತೆ, ಕಾಲಿಟ್ಟಲ್ಲೆಲ್ಲ ಜಾರ್ತೈತೆ" ಎಂದು ಬರೆದು ಕಳಿಸಿದರು. ಅದಕ್ಕೆ ಒಂದು ತಿಂಗಳು ಉತ್ತರವಿಲ್ಲ. ಆ ತಿಂಗಳು ಟಪಾಲಿನವನು ಬೀದಿಗೆ ಬಂದರೆ ಸಾಕು, ಮೇಷ್ಟ್ರು ಜಗುಲಿಗೆ ಬಂದು ನಿಲ್ಲುತ್ತಿದ್ದರು. ಅವನು ಮುಂದಕ್ಕೆ ಹೋದರೆ, ಬಿಸಿಲು ನೋಡಲು ಬಂದವರ ಹಾಗೆ ಆಕಾಶ ನೋಡುತ್ತಿದ್ದರು.

ಕಾಗದದಲ್ಲಿ ಹೀಗೆ ಲೇ ಎಂದು ಬಡಿದಾಡುವವರು ಎದುರಿಗೆ ಬಂದರೆ ಬಹುವಚನ! ವರ್ಷಕ್ಕೊಮ್ಮೆ, ಇಬ್ಬರಿಗೂ ನಡುವೆ ಆಗುತ್ತದೆಂದು ಹೊಳಲ್ಕೆರೆಯಲ್ಲಿ ಸೇರುತ್ತಿದ್ದರು. ಒಂದು ಸಲ ನಾನೂ ಹೋಗಿದ್ದೆ, ಇಬ್ಬರು ದೊಡ್ಡ ಬರಹಗಾರರ ಮಾತು ಕೇಳುವ ಆಸೆಯಿಂದ. ಬಯಲು ಗಣಪನ ಮುಂದೆ ಕೂತರು.

"ಕೊಬ್ಬರಿ ಹೆಂಗೈತೆ ಸಾವ್ಕಾರ್ರೇ?"

"ಇಳಿದೈತೆ ಮೇಷ್ಟ್ರೇ. ನಿಮ್ಮ ಕಡೆ ಮಳೆ?"

"ಇಲ್ಲ."

"ನಮ್ಮ ಕಡೇನೂ ಇಲ್ಲ."

ಆಮೇಲೆ ಬುತ್ತಿ ಬಿಚ್ಚಿ ಉಂಡರು. ಎಲೆಅಡಿಕೆ ಹಾಕಿಕೊಂಡರು. ಹೊತ್ತು ಇಳಿದಮೇಲೆ "ಹೋಗಾಣ" ಎಂದು ಎದ್ದರು. ಇಷ್ಟೇ. ನನಗೆ ಅಳು ಬರುವುದೊಂದು ಬಾಕಿ. ವಾಪಸು ಬರುವಾಗ ಗಾಡಿಯಲ್ಲಿ ಮೇಷ್ಟ್ರು, "ಎಷ್ಟು ಮಾತಾಡಿದ್ವಿ ನೋಡ್ರಿ ಇವತ್ತು" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಈಗ ಒಂದು ಕಾರ್ಡಿನ ವಿಷಯ ಹೇಳಬೇಕು.

ಆಗ ಪ್ಲೇಗಿನ ಕಾಲ. ಇಲಿ ಬಿತ್ತೆಂದರೆ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಇರಬೇಕು. ನಾವು ಗುಡಿಸಲಿನಿಂದ ಮನೆಗೆ ಮರಳಿ ಸ್ವಲ್ಪ ದಿನವಾಗಿತ್ತು. ಬುಡನ್ ಸಾಹೇಬರು ಎಂದು ನಮ್ಮೂರಿನ ಬಳೆ ವ್ಯಾಪಾರಿ, ಸಂತೆಯಿಂದ ಸಂತೆಗೆ ತಿರುಗುವವರು, ಬಹಳ ಮಾತಿನವರು. ಅವರು ಹೊಸದುರ್ಗದ ಸಂತೆ ಮುಗಿಸಿ ಬಂದವರು ಮೇಷ್ಟ್ರ ಜಗುಲಿಯಲ್ಲಿ ಕೂತು, "ನಿಮ್ಮ ದೋಸ್ತರ ನಾಟ್ಕ ನೋಡ್ದೆ ಮೇಷ್ಟ್ರೇ! ಕಂಪನಿಯೋರು ಆಡಿದ್ರು. ಏನು ಹಾಡು, ಏನು ಹಾಡು! ಹೀರೋ ಸಾಯೋವಾಗ್ಲೂ ಹಾಡ್ದ. ಜನ ಬಿಡ್ಲೇ ಇಲ್ಲ, ಎಬ್ಬಿಸಿ ಇನ್ನೊಂದ್ಸಲ ಸಾಯಿಸಿದ್ರು" ಎಂದರು.

ಮೇಷ್ಟ್ರಿಗೆ ಆ ನಾಟಕ ಬಂದೇ ಇರಲಿಲ್ಲ. ಒಪ್ಪಂದ ಮುರಿದಿತ್ತು. ಮೇಲೆ ಹಾಡು ಬೇರೆ.

ಅವರು ಕೂಗಾಡಲಿಲ್ಲ. ಒಳಗಿಂದ ಒಂದು ಕಾರ್ಡು ತಂದು ಬರೆದರು. ಬರೆದು ನನಗೆ ತೋರಿಸಿದರು. ಎರಡೇ ಮಾತು: "ಹಾಡಿನ ನಾಟಕ ಬರೆದವನು ನನ್ನ ಪಾಲಿಗೆ ಇಲ್ಲ. ಹಳಬ ಇನ್ನೂ ಇದ್ದರೆ ಮುಂದಿನದನ್ನು ಕಳಿಸಲಿ." ಪರವಾಗಿಲ್ಲ, ಸಿಟ್ಟೂ ಇದೆ, ಬಾಗಿಲೂ ತೆರೆದಿದೆ ಎಂದುಕೊಂಡೆ. ಅಷ್ಟರಲ್ಲಿ ಮೇಷ್ಟ್ರು ಕಾರ್ಡಿನ ಒಂದು ಮೂಲೆಯನ್ನು ಹರಿದರು.

ಮೂಲೆ ಹರಿದ ಕಾರ್ಡೆಂದರೆ ಸಾವಿನ ಕಾರ್ಡು. ಶುಭಕ್ಕೆ ಅರಿಶಿನ ಹಚ್ಚುವ ಹಾಗೆ ಸಾವಿಗೆ ಮೂಲೆ ಹರಿಯುವುದು.

"ಬ್ಯಾಡ್ರಿ ಮೇಷ್ಟ್ರೇ, ಇದು ಆಡೋ ಆಟ ಅಲ್ಲ" ಎಂದೆ.

"ಅವನು ಬರೆಯೋನು. ಅವನಿಗೆ ಅರ್ಥ ಆಗ್ತೈತೆ."

ಬರೆಯುವವರು ಮಾಡುವ ತಪ್ಪೇ ಇದು. ಕಾಗದ ನೆಟ್ಟಗೆ ಹೋಗಿ ಓದುಗನ ಕೈಯಲ್ಲೇ ಬೀಳುತ್ತದೆ ಎಂದು ತಿಳಿಯುತ್ತಾರೆ. ನಡುವೆ ಒಂದು ಮನೆ ಇರುತ್ತದೆ, ಮನೆಗೊಂದು ಹೊಸ್ತಿಲು ಇರುತ್ತದೆ, ಹೊಸ್ತಿಲಲ್ಲಿ ಒಬ್ಬಳು ತಾಯಿ ಕೂತಿರುತ್ತಾಳೆ ಎಂಬುದು ನೆನಪಿರುವುದಿಲ್ಲ. ಸಾವಿನ ಕಾರ್ಡನ್ನು ಯಾರೂ ಮನೆಯೊಳಗೆ ಒಯ್ಯುತ್ತಿರಲಿಲ್ಲ. ಎಲ್ಲಿಂದ, ಯಾರು ಎಂದು ತಿಳಿದುಕೊಂಡು ಹೊರಗೇ ಹರಿದು ಬಿಸಾಡಿಬಿಡುತ್ತಿದ್ದರು. ಸಾಹುಕಾರರ ಮುದಿತಾಯಿಗೆ ಅಕ್ಷರ ಬಾರದು. ಟಪಾಲಿನವನು "ದುರ್ಗದಿಂದ ಬಂದೈತೆ ಕಣವ್ವ, ಮೂಲೆ ಹರ್ದೈತೆ" ಎಂದ. ದುರ್ಗದಲ್ಲಿ ಅವರಿಗೆ ಬೇಕಾದವರು ಒಬ್ಬರೇ. ಪ್ಲೇಗಿನ ಕಾಲ. ಇನ್ನು ಓದುವುದೇನು? ಹರಿದು ತಿಪ್ಪೆಗೆ ಹಾಕಿ, ಅಂಗಡಿಯಲ್ಲಿದ್ದ ಮಗನನ್ನು ಕರೆದು ಗೊಳೋ ಎಂದು ಅತ್ತಳು.

ಇವೆಲ್ಲ ನಮಗೆ ಆಮೇಲೆ ತಿಳಿದದ್ದು. ನಾವು ಕಂಡದ್ದು ಇಷ್ಟು. ಭಾನುವಾರ ಬೆಳಿಗ್ಗೆ ಮೇಷ್ಟ್ರು ಮೈಗೆಲ್ಲ ಹರಳೆಣ್ಣೆ ಹಚ್ಚಿಕೊಂಡು, ಒಂದು ಲಂಗೋಟಿಯಲ್ಲಿ ಅಂಗಳದ ಮಣೆಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಹೊಳಲ್ಕೆರೆಯವರೆಗೆ ರೈಲಿನಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಂದ ಸಾಹುಕಾರರು ಬಾಗಿಲಲ್ಲಿ ಇಳಿದರು. ಮಣ್ಣಾದರೂ ಸಿಗಲಿ ಎಂದು ಓಡಿ ಬಂದವರು. ಕಣ್ಣು ಊದಿತ್ತು. ಕೈಯಲ್ಲಿ ಬಾಡಿದ ಸೇವಂತಿಗೆ ಹಾರ, ಕಂಕುಳಲ್ಲಿ ಬಿಳಿ ಬಟ್ಟೆ, ವಿಭೂತಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಬರ್ರಿ, ಕುಂತ್ಕಳ್ರಿ," ಎಂದರು ಮೇಷ್ಟ್ರು. "ಎಣ್ಣೆ ಹಚ್ಕಂಡೀನಿ, ಏಳಕ್ಕಾಗಲ್ಲ."

ಸಾಹುಕಾರರು ಗೋಡೆ ಹಿಡಿದುಕೊಂಡು ಅತ್ತರು. ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಅತ್ತದ್ದನ್ನು ನಾನು ಬೇರೆ ಕಂಡಿಲ್ಲ. ಅಳು ನಿಂತಮೇಲೆ ಮುಖ ಒರೆಸಿಕೊಂಡು ಕೇಳಿದರು.

"ಮೂಲೆ ಯಾಕೆ ಹರಿದ್ರಿ?"

"ಯಾಕಂತ ಅದ್ರಾಗೇ ಬರ್ದಿದ್ನಲ್ಲ!"

"ಮೂಲೆ ಹರ್ದಿದ್ದನ್ನ ಯಾರು ಓದ್ತಾರ್ರಿ? ನಮ್ಮವ್ವ ಬಾಗ್ಲಾಗೇ ಹರ್ದಾಕಿದ್ಲು."

ಇಲ್ಲಿ ಮೇಷ್ಟ್ರು "ತಪ್ಪಾಯ್ತು" ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಹೇಳಲು ಬಾಯಿ ತೆರೆದದ್ದೂ ನನಗೆ ಕಂಡಿತು. ಆದರೆ ಬಂದ ಮಾತು ಬೇರೆ.

"ನಾನು ಬರ್ದಿದ್ದನ್ನ ಓದ್ದೇ ಹರಿದ್ರಾ?"

ಸತ್ತವರಿಗೆಂದು ತಂದದ್ದನ್ನು ಮನೆಗೆ ವಾಪಸು ಒಯ್ಯಬಾರದು. ಸಾಹುಕಾರರು ಹಾರವನ್ನು ಬಾಗಿಲ ಗೂಟಕ್ಕೆ ಹಾಕಿ, ಬಟ್ಟೆಯನ್ನು ಜಗುಲಿಯ ಮೇಲಿಟ್ಟು, ಅದೇ ಗಾಡಿ ಹತ್ತಿ ಹೋದರು. ಮೇಷ್ಟ್ರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದೆ, ಬಿಸಿನೀರಿನ ತಂಬಿಗೆ ಹಿಡಿದು ಹೊರಗೆ ಬಂದವರು ಗೂಟದ ಹಾರ ನೋಡಿ ತಂಬಿಗೆ ಕೆಳಗಿಟ್ಟರು. "ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ" ಎಂದರು. ಆ ದಿನ ಅವರ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನಮ್ಮ ಮನೆಯಿಂದ ಮುದ್ದೆ ಹೋಯಿತು.

ಕಾಗದ ನಿಂತುಹೋಯಿತು. ಹೊಳಲ್ಕೆರೆಯೂ ನಿಂತಿತು. ಮೇಷ್ಟ್ರು ಬರೆಯುವುದನ್ನು ಬಿಡಲಿಲ್ಲ, ಆದರೆ ಬರೆದದ್ದನ್ನು ಎಲ್ಲಿಗೂ ಕಳಿಸುವ ಹಾಗಿರಲಿಲ್ಲ. ಅತ್ತ ಕಡೆಯವರು ಒಪ್ಪಂದ ಮುರಿದರೂ ಇವರು ಮುರಿಯಲು ತಯಾರಿಲ್ಲ. "ನಂಗೆ ತೋರ್ಸಿ ಮೇಷ್ಟ್ರೇ, ನಾನು ನೋಡ್ತೀನಿ" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. ನನ್ನನ್ನು ಬಹಳ ಕರುಣೆಯಿಂದ ನೋಡಿದರು. "ನೀವು ಒಳ್ಳೇರು, ಎಲ್ಲಾ ಚೆನ್ನಾಗೈತೆ ಅಂತೀರಿ" ಎಂದರು. ಅದು ನಿಜವೇ ಆಗಿತ್ತು.

ಆ ಕಾರ್ಡಿನಲ್ಲಿ ಏನಿತ್ತೆಂದು ನಾನೇ ಹೊಸದುರ್ಗಕ್ಕೆ ಹೋಗಿ ಹೇಳುತ್ತೇನೆ ಎಂದೆ. "ಮಧ್ಯ ಬಂದ್ರೆ ನಿಮ್ಮ ಜೊತೇನೂ ಮಾತಿಲ್ಲ" ಎಂದರು. ನಾನು ಹೋಗಲಿಲ್ಲ. ಆದರೆ ಬುಡನ್ ಸಾಹೇಬರಿಗೆ ಹೇಳಬೇಡಿ ಎಂದು ಮೇಷ್ಟ್ರೇನೂ ಹೇಳಿರಲಿಲ್ಲವಲ್ಲ! ಕಾರ್ಡಿನ ಎರಡೂ ಮಾತನ್ನು ಸಾಹೇಬರಿಗೆ ಹೇಳಿ, "ಯಾರಿಗೂ ಹೇಳ್ಬ್ಯಾಡ್ರಿ" ಎಂದು ಕೈಮೇಲೆ ಕೈಯಿಟ್ಟು ಆಣೆ ಹಾಕಿಸಿಕೊಂಡೆ. ಅವರಿಗೆ ಹಾಗೆಂದರೆ ಸಾಕು, ಮುಂದಿನ ಸಂತೆಯೊಳಗೆ ಸುದ್ದಿ ಮುಟ್ಟುತ್ತದೆ.

ಮುಟ್ಟಿತು. ಸಾಹೇಬರು ಮುಂದಿನ ಸಲ ಬಂದಾಗ ಬಳೆಯ ಮಲಾರದ ಜೊತೆಗೆ ಒಂದು ಪೊಟ್ಟಣ ತಂದರು. "ಹೊಸದುರ್ಗದ ಸಾವ್ಕಾರ್ರು ಕೊಟ್ರು, ಅಕ್ಕಾರಿಗೆ ಅಂತೆ. ಮೇಷ್ಟ್ರಿಗಲ್ಲ ಅಂತ ಎರಡು ಸಲ ಹೇಳಿದ್ರು." ಒಳಗೆ ಕೊಬ್ಬರಿ ಬಟ್ಟಲು. ಸುತ್ತಿದ್ದ ಕಾಗದದ ತುಂಬ ಬರಹ. ಅಕ್ಕ ಕೊಬ್ಬರಿ ಒಳಗಿಟ್ಟು ಕಾಗದವನ್ನು ಜಗುಲಿಯ ಮೇಲೆ, ಮೇಷ್ಟ್ರ ಕೈಗೆ ಎಟಕುವಲ್ಲಿ ಬಿಟ್ಟರು. ಆ ಹೆಂಗಸಿಗೆ ಓದು ಬರುತ್ತಿರಲಿಲ್ಲ, ಗಂಡನನ್ನು ಓದಲು ಬರುತ್ತಿತ್ತು.

ಮೇಷ್ಟ್ರು ಮೊದಲು ಆ ಕಡೆ ನೋಡಲಿಲ್ಲ. ಆಮೇಲೆ, "ಪೊಟ್ಟಣದ ಕಾಗದಾನ ಇಷ್ಟು ನೀಟಾಗಿ ಬರ್ದವ್ನಲ್ಲ, ಕೆಲಸ ಇಲ್ವಾ ಅವನಿಗೆ" ಎಂದು ಗೊಣಗಿದರು. ಆಮೇಲೆ ಕೈಗೆತ್ತಿಕೊಂಡರು. ಅದು ನಾಟಕದ ಒಂದು ಪುಟ. ಹಾಡಿರಲಿಲ್ಲ. ಸೀಸದ ಕಡ್ಡಿ ಕಿವಿಯಿಂದ ಕೆಳಗಿಳಿಯಿತು.

ಅಲ್ಲಿಂದ ಅವರ ಸ್ನೇಹ ಹೀಗೇ ನಡೆಯಿತು. ಆ ಕೊಬ್ಬರಿ ತುರಿದು ಅಕ್ಕ ಚಟ್ನಿಪುಡಿ ಮಾಡುವರು. ಮೇಷ್ಟ್ರು ತಿದ್ದಿದ ಪುಟ ಒಳಗೆ, ತಮ್ಮದೊಂದು ಪುಟ ಹೊರಗೆ, ನಡುವೆ ಎಣ್ಣೆ ಹತ್ತದಂತೆ ಮುತ್ತುಗದ ಎಲೆ ಇಟ್ಟು ಪುಡಿಯನ್ನು ಕಟ್ಟಿ ಸಾಹೇಬರ ಕೈಯಲ್ಲಿ ಕಳಿಸುವರು. "ಸಾವ್ಕಾರ್ರ ತಾಯಿಗೆ ಕೊಡ್ರಿ, ಅವರಿಗಲ್ಲ" ಎಂದು ಇವರೂ ಎರಡು ಸಲ ಹೇಳುವರು. ಕಾಗದ ಬರೆದದ್ದು ಎಂದು ಇಬ್ಬರೂ ಒಪ್ಪುವಂತಿಲ್ಲ. ಅದು ಪೊಟ್ಟಣ. ಪುಟದ ಅಂಚಿನಲ್ಲಿ ಮಾತ್ರ ಹಳೆಯ ಏಕವಚನ: "ಲೇ, ಈ ಗೌಡ ಬಾಯಿ ಬಿಟ್ರೆ ಪುರಾಣ. ಕೂಳು ತಿನ್ನೋನಾ ಇವನು?" "ನಿನ್ನ ಹುಣಸೆಮರ ಬ್ಯಾಡ. ಎಲ್ಲಾ ಕತೆಯಾಗೂ ಹುಣಸೆಮರ." ಎಷ್ಟೋ ವರ್ಷ ಹೀಗೆ ನಡೆಯಿತು. ಸಾಹುಕಾರರ ತಾಯಿ ತೀರಿಕೊಂಡ ಸುದ್ದಿಯನ್ನೂ ಸಾಹೇಬರೇ ತಂದರು. ಆಗ ಮೇಷ್ಟ್ರು ರುಮಾಲು ಸುತ್ತಿಕೊಂಡು ಹೊಸದುರ್ಗಕ್ಕೆ ಹೊರಟೇಬಿಟ್ಟರು. ಹೊಳಲ್ಕೆರೆಯವರೆಗೆ ಹೋಗಿ, ಗಣಪನ ಮುಂದೆ ಒಂದು ದಿನ ಕೂತು, ವಾಪಸು ಬಂದರು. ಯಾಕೆ ಎಂದು ಕೇಳಿದೆ. "ಯಾವ ಮುಖ ಇಟ್ಕಂಡು ಹೋಗ್ಲಿ? ಆ ಮುದುಕಿ ನನಗೋಸ್ಕರ ಒಂದ್ಸಲ ಅತ್ತಾಗೈತೆ" ಎಂದರು. ಆ ಕಾರ್ಡಿನ ಬಗ್ಗೆ ಅವರು ಪಶ್ಚಾತ್ತಾಪಪಟ್ಟು ಆಡಿದ ಮಾತು ಅದೊಂದೇ. ನನಗಂತೂ ಅಷ್ಟು ಸಾಕಾಯಿತು.

ಕೊನೆಗೆ ಮೇಷ್ಟ್ರಿಗೆ ಬಂದದ್ದು ಸಾಮಾನ್ಯ ಜ್ವರ. ಹಿಡಿದದ್ದು ಬಿಡಲಿಲ್ಲ. ಮಲಗಿದ್ದಾಗಲೇ ಒಂದು ಪೊಟ್ಟಣ ಬಂತು. ಅಕ್ಕ ಕಾಗದವನ್ನು ಬಿಡಿಸಿ ಎದೆಯ ಮೇಲಿಟ್ಟರು. ಮೇಷ್ಟ್ರು ಓದಿದರು. ಕೈ ಕಿವಿಯ ಹತ್ತಿರ ಹೋಯಿತು, ಅಲ್ಲಿ ಕಡ್ಡಿ ಇರಲಿಲ್ಲ. ನಾನು ತಂದುಕೊಟ್ಟೆ. ಬೆರಳು ಹಿಡಿಯಲಿಲ್ಲ. "ನಾಳೆ ಬರಿತೀನಿ" ಎಂದರು. ಮರುದಿನ ಮಧ್ಯಾಹ್ನ ಹೋದರು.

ಹೊಸದುರ್ಗಕ್ಕೆ ತಿಳಿಸಬೇಕಲ್ಲ. ಕಾರ್ಡು ತೆಗೆದು ಮುಂದಿಟ್ಟುಕೊಂಡೆ. ಮೂಲೆ ಹರಿದರೆ ಅವರು ನಂಬುವುದಿಲ್ಲ, ಹರಿಯದಿದ್ದರೆ ಊರು ಒಪ್ಪುವುದಿಲ್ಲ. ಅಕ್ಕ ಒಳಗಿಂದಲೇ, "ನೀವೇ ಹೋಗಿ ಬರ್ರಿ. ಅವರ ಕಾಗದ ಅವರಿಗೆ ಮುಟ್ಟಿಸ್ರಿ" ಎಂದರು. ಮಣ್ಣಿನ ಕೆಲಸ ಮುಗಿಸಿ ಹೊರಟೆ.

ಸಾಹುಕಾರರು ಅಂಗಡಿಯಲ್ಲಿ ಕೂತಿದ್ದರು. ಸುತ್ತ ಕೊಬ್ಬರಿ ಮೂಟೆ. ತಲೆ ಪೂರಾ ಬೆಳ್ಳಗಾಗಿತ್ತು.

"ಓ, ಬರ್ರಿ ಬರ್ರಿ! ಕುಂತ್ಕಳ್ರಿ. ಸಾಹೇಬ್ರು ಬರ್ಲಿಲ್ವಾ? ಚಟ್ನಿಪುಡಿ ನೀವೇ ತಂದ್ರಾ?"

"ಮೇಷ್ಟ್ರು ಹೋಗ್ಬಿಟ್ರು ಸಾವ್ಕಾರ್ರೇ" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. "ಹೋದ್ಸಲ ಕಾರ್ಡು ಕಳ್ಸಿದ್ದ, ಈ ಸಲ ಆಳನ್ನೇ ಕಳ್ಸವ್ನಾ? ನಿಮಗೆ ನಾಟ್ಕ ಬರಲ್ಲ ಬಿಡ್ರಿ. ಹೇಳ್ರಿ, ನಾನು ಏನು ತಪ್ಪು ಮಾಡಿದ್ನಂತೆ?"

ಚೀಲದಿಂದ ಅವರ ಪುಟವನ್ನು ತೆಗೆದು ಕೊಟ್ಟೆ. ನಗುತ್ತಲೇ ತೆಗೆದುಕೊಂಡು, ಕನ್ನಡಕ ಏರಿಸಿ ಅಂಚು ನೋಡಿದರು. ತಿರುಗಿಸಿ ಹಿಂಭಾಗ ನೋಡಿದರು. ಎದ್ದು ಬಾಗಿಲ ಬಿಸಿಲಿಗೆ ಹಿಡಿದು ನೋಡಿದರು. ಸೀಸದ ಕಡ್ಡಿಯ ಒಂದು ಗೆರೆಯೂ ಇರಲಿಲ್ಲ. ಮೂಲೆಗಳು ನಾಲ್ಕೂ ನೆಟ್ಟಗಿದ್ದವು.

ಅವರು ಮೆಲ್ಲಗೆ ಬಂದು ಮೂಟೆಯ ಮೇಲೆ ಕೂತರು.

"ಹೋದ" ಎಂದರು.

ಆಮೇಲೆ ಪುಟವನ್ನು ನನ್ನ ಮುಂದೆ ಹಿಡಿದು, ನಡುವಿನ ಒಂದು ಸಾಲಿನ ಕೆಳಗೆ ಬೆರಳಿಟ್ಟರು. "ಇದನ್ನ ಓದ್ರಿ. ಎಷ್ಟು ಕೆಟ್ಟದಾಗೈತೆ, ಅಲ್ವಾ?"

ಓದಿದೆ. ನನಗೆ ಚೆನ್ನಾಗಿಯೇ ಕಂಡಿತು. ಎಂದಿನಂತೆ.

"ಬೇಕಂತ್ಲೇ ಬರ್ದೀನಿ" ಎಂದರು ಸಾಹುಕಾರರು. "ಪ್ರತಿ ಪುಟದಾಗೂ ಒಂದು ಇಡ್ತಿದ್ದೆ, ಅವನು ಬೈಲಿ ಅಂತ. ಒಂದ್ಸಲಾನೂ ಬಿಟ್ಟಿರ್ಲಿಲ್ಲ."

ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಂಡರು. ಕೊನೆಯ ದಿನ ಬೆರಳಿಗೆ ನಿಲ್ಲದ ಮೇಷ್ಟ್ರ ಕಡ್ಡಿಯನ್ನು ನಾನು ಯಾಕೋ ಜೇಬಿಗೆ ಹಾಕಿಕೊಂಡು ಬಂದಿದ್ದೆ. ಅದನ್ನು ಕೊಟ್ಟೆ. ಅವರು ತಮ್ಮ ಆ ಸಾಲನ್ನು ತಾವೇ ಹೊಡೆದುಹಾಕಿ, ಅಂಚಿನಲ್ಲಿ ಮೇಷ್ಟ್ರ ಹಾಗೆಯೇ "ಲೇ" ಎಂದು ಬರೆದರು. ಮುಂದೆ ಏನು ಬರೆಯಬೇಕೆಂದು ಅವರಿಗೆ ತೋಚಲಿಲ್ಲ. ಕಡ್ಡಿಯನ್ನು ನನಗೆ ವಾಪಸು ಕೊಟ್ಟು, ಒಳಗೆ ತಿರುಗಿ, ನನಗೆ ಊಟಕ್ಕೆ ಎಲೆ ಹಾಕಲು ಹೇಳಿದರು.